ಆಪರೇಶನ್ ಆದ ಮೇಲೆ ಕಾಲು ಸೋತರೆ



ಧರ್ಮಕೇಂದ್ರದ ಮನೆಗಳಿಗೆ ಭೇಟಿ ಕೊಡುವಾಗ ನಾವು ಗುರುಗಳು ಪದೇ ಪದೇ ಕೇಳುವ ಮಾತೊಂದಿದೆ: "ಬೆನ್ನಿಗೆ ಸೂಜಿ ಹಾಕಿದಾಗಿಂದ ಹಿಂಗಾಗೈತ್ರಿ ಫಾದರ್." ಸಿಸೇರಿಯನ್ ಆಗಿ ಹತ್ತು ವರ್ಷವಾದ ತಾಯಿ ಸೊಂಟ ಹಿಡಿದುಕೊಂಡು ಹೇಳುವುದು ಇದನ್ನೇ. ಹರ್ನಿಯಾ ಆಪರೇಶನ್ ಮಾಡಿಸಿಕೊಂಡ ಹಿರಿಯರು ಮಂಡಿ ಹಿಡಿದುಕೊಂಡು ಹೇಳುವುದೂ ಇದನ್ನೇ. ಆದವಾನಿ, ಆಲೂರು, ಹೊಳಗುಂದ, ಕೌತಾಳಂ ಕಡೆ ಕನ್ನಡ ಮನೆಯಿರಲಿ ತೆಲುಗು ಮನೆಯಿರಲಿ, ಆಪರೇಶನ್ ನಂತರದ ಎಲ್ಲ ಕಷ್ಟಗಳಿಗೂ ಜನ ಹೊಣೆ ಮಾಡುವುದು ಆ ಒಂದು ಸೂಜಿಯನ್ನೇ. ಹಳೆಯ ಸೊಂಟ ನೋವಿನ ವಿಷಯದಲ್ಲಿ ಈ ಮಾತಿನಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಇದೇ ಮಾತು ಒಂದು ಸಂದರ್ಭದಲ್ಲಿ ಜೀವಕ್ಕೆ ಎರವಾಗಬಹುದು. ಆಪರೇಶನ್ ಆಗಿ ಒಂದೆರಡು ವಾರವಾದ ಮೇಲೆ ಎರಡೂ ಕಾಲು ಸೋಲತೊಡಗಿದಾಗ, "ಸೂಜಿಯ ದೋಷ, ನಿಧಾನವಾಗಿ ಹೋಗುತ್ತದೆ" ಎಂದು ಮನೆಯವರು ಸುಮ್ಮನಾಗಿಬಿಟ್ಟರೆ, ಅಮೂಲ್ಯವಾದ ದಿನಗಳು ಕೈತಪ್ಪುತ್ತವೆ.

ಮೊದಲು ಆ ಸೂಜಿಯ ವಿಷಯ ತಿಳಿಯೋಣ. ಬೆನ್ನಿಗೆ ಮದ್ದು ಕೊಟ್ಟು ಕೆಳಭಾಗವನ್ನು ಮರಗಟ್ಟಿಸುವ ಪದ್ಧತಿಯನ್ನು ಜರ್ಮನಿಯ ಆಗಸ್ಟ್ ಬಿಯರ್ ಎಂಬ ವೈದ್ಯರು 1898ರಲ್ಲಿ ಆರಂಭಿಸಿದರು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿರುವುದು ನೀರಿನಲ್ಲಿ ತೇಲುವ ನೂಲಿನಂಥ ನರಗಳು ಮಾತ್ರ. ಕೊಟ್ಟ ಮದ್ದಿನ ಶಕ್ತಿ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ಆಪರೇಶನ್ ಆದ ಸಂಜೆ ಕಾಲಾಡಿಸಿ, ಮರುದಿನ ಎದ್ದು ನಡೆದು, ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಬಂದವರಿಗೆ ಹನ್ನೆರಡನೆಯ ದಿನ ಕಾಲು ಸೋತರೆ, ಅದು ಆ ಮದ್ದಿನ ಕೆಲಸವಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿದ ಆಪರೇಶನ್‌ಗಳ ನಂತರವೂ, ಬೆನ್ನಿಗೆ ಸೂಜಿಯನ್ನೇ ಮುಟ್ಟಿಸದವರಲ್ಲೂ ಈ ತೊಂದರೆ ಕಾಣಿಸಿಕೊಂಡಿದೆ.

ಹಾಗಾದರೆ ಇದೇನು? ನಮ್ಮ ದೇಹದಲ್ಲಿ ರೋಗಾಣುಗಳೊಂದಿಗೆ ಹೋರಾಡುವ ಒಂದು ಕಾವಲುಪಡೆ ಇದೆ. ಕಳ್ಳನನ್ನು ಅಟ್ಟಿಸಿಕೊಂಡು ಹೋದ ಮನೆನಾಯಿ ಅದೇ ಆವೇಶದಲ್ಲಿ ಮನೆಯ ಮಗುವನ್ನೇ ಕಚ್ಚಿಬಿಟ್ಟಂತೆ, ಕೆಲವೊಮ್ಮೆ ಈ ಪಡೆ ತನ್ನ ದೇಹದ ಮೇಲೆಯೇ ತಿರುಗಿ ಬೀಳುತ್ತದೆ. ಇಂಥ ರೋಗಗಳಿಗೆ ವೈದ್ಯರು ಆಟೋಇಮ್ಯೂನ್ ರೋಗಗಳು ಎನ್ನುತ್ತಾರೆ. ಕರೆಂಟಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ನಮ್ಮ ನರಗಳಿಗೂ ಮಯೆಲಿನ್ ಎಂಬ ಹೊದಿಕೆ ಇದೆ. ಕಾವಲುಪಡೆ ಆ ಹೊದಿಕೆಯನ್ನು, ಕೆಲವರಲ್ಲಿ ಒಳಗಿನ ತಂತಿಯನ್ನೇ ಕೊರೆದುಹಾಕಿದಾಗ ಮಿದುಳಿನ ಆಜ್ಞೆ ಕೈಕಾಲು ತಲುಪುವುದಿಲ್ಲ. ಪೆಟ್ಟು ಬೆನ್ನುಹುರಿಯಿಂದ ಹೊರಟ ನರಗಳಿಗೆ ಬಿದ್ದರೆ ಅದು ಗಿಲನ್-ಬಾರೆ ಸಿಂಡ್ರೋಮ್, ಚಿಕ್ಕದಾಗಿ ಜಿಬಿಎಸ್. ಬೆನ್ನುಹುರಿಗೇ ಬಿದ್ದರೆ ಟ್ರಾನ್ಸ್‌ವರ್ಸ್ ಮೈಲೈಟಿಸ್.

ಹಿರಿಯ ಓದುಗರಿಗೆ ಒಂದು ಹಳೆಯ ಸಂಗತಿ ನೆನಪಿರಬಹುದು. ಹುಚ್ಚುನಾಯಿ ಕಡಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತಿತ್ತಲ್ಲ, ಆ ಲಸಿಕೆಯನ್ನು ತಯಾರಿಸುತ್ತಿದ್ದುದು ಕುರಿಯ ಮಿದುಳಿನಿಂದ. ಅದರಲ್ಲಿ ಮಯೆಲಿನ್ ಇರುತ್ತಿತ್ತು. ಅದನ್ನು ಶತ್ರುವೆಂದು ಗುರುತಿಸಲು ಕಲಿತ ದೇಹ ಕೆಲವರಲ್ಲಿ ತನ್ನದೇ ನರಗಳನ್ನೂ ಬೆನ್ನುಹುರಿಯನ್ನೂ ಹೊಡೆದುಹಾಕುತ್ತಿತ್ತು. ಇಂಜೆಕ್ಷನ್ ತೆಗೆದುಕೊಂಡವರ ಕಾಲು ಬಿದ್ದುಹೋಗುತ್ತಿದ್ದವು. 2004ರ ಕೊನೆಗೆ ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತಿತು. ಈಗಿನ ಲಸಿಕೆ ತೋಳಿಗೆ ಕೊಡುವಂಥದು, ಅದರಲ್ಲಿ ಮಿದುಳಿನ ಅಂಶವಿಲ್ಲ. ನಾಯಿ ಕಚ್ಚಿದರೆ ತಪ್ಪದೆ ಹಾಕಿಸಿಕೊಳ್ಳಿ. ಹಳೆಯ ಭಯವನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತಿಗೂ ಹಿಂಜರಿಯುವವರು ಇದ್ದಾರೆ, ಆದ್ದರಿಂದ ಇಷ್ಟು ಹೇಳಿದೆ.

ಜಿಬಿಎಸ್ ಎಂಬ ಹೆಸರು ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. 1916ರಲ್ಲಿ ಜಾರ್ಜ್ ಗಿಲನ್, ಜಾನ್ ಬಾರೆ, ಆಂಡ್ರೆ ಸ್ಟ್ರೋಲ್ ಎಂಬ ಫ್ರೆಂಚ್ ವೈದ್ಯರು ಇಬ್ಬರು ಸೈನಿಕರ ಕಾಲು ಸೋತದ್ದನ್ನೂ, ಅವರ ಬೆನ್ನಿನ ನೀರಿನಲ್ಲಿ ಪ್ರೋಟೀನ್ ಹೆಚ್ಚಿದ್ದು ಜೀವಕಣಗಳು ಮಾತ್ರ ಹೆಚ್ಚದೇ ಇದ್ದುದನ್ನೂ ಗುರುತಿಸಿದರು. ಅದು ಇಂದಿಗೂ ಈ ರೋಗದ ಒಂದು ಮುಖ್ಯ ಗುರುತು. (ಪಾಪ, ಸ್ಟ್ರೋಲ್ ಅವರ ಹೆಸರು ಮಾತ್ರ ಬಿಟ್ಟುಹೋಯಿತು!) ಒಂದು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಇದು ಬರುತ್ತದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿರುವ ಆದವಾನಿ ಪಟ್ಟಣದ ಲೆಕ್ಕಕ್ಕೆ ವರ್ಷಕ್ಕೆ ಎರಡು-ಮೂರು ಮಂದಿ. ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಅದಕ್ಕೆ ಮುಂಚೆ ಭೇದಿಯೋ ಶೀತ-ಜ್ವರವೋ ಆಗಿರುತ್ತದೆ. 2025ರ ಜನವರಿಯಲ್ಲಿ ಪುಣೆಯಲ್ಲಿ ನೂರಾರು ಜನರಿಗೆ ಇದು ತಗಲಿದಾಗ ಕುಡಿಯುವ ನೀರಿನ ಕಡೆಗೇ ಎಲ್ಲರೂ ಬೊಟ್ಟು ಮಾಡಿದ್ದು ಇದರಿಂದಲೇ.

ಆಪರೇಶನ್ ನಂತರ ಬರುವುದು ಇದರಲ್ಲಿ ಒಂದು ಸಣ್ಣ ಪಾಲು. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ತಮ್ಮಲ್ಲಿಗೆ ಬಂದ 208 ಜಿಬಿಎಸ್ ರೋಗಿಗಳ ದಾಖಲೆ ನೋಡಿದಾಗ 31 ಜನರಿಗೆ ರೋಗ ಶುರುವಾದದ್ದು ಆಪರೇಶನ್ ಆದ ಎಂಟು ವಾರದೊಳಗೆ. ಕ್ಯಾನ್ಸರ್ ಇದ್ದವರಲ್ಲಿ ಮತ್ತು ಮೊದಲೇ ಬೇರೆ ಆಟೋಇಮ್ಯೂನ್ ರೋಗ ಇದ್ದವರಲ್ಲಿ ಇದು ಹೆಚ್ಚು. ಅದು ದೂರದೂರದಿಂದ ಕಷ್ಟದ ರೋಗಿಗಳು ಬರುವ ಆಸ್ಪತ್ರೆ. ಫ್ರಾನ್ಸ್‌ನಲ್ಲಿ ಇಡೀ ದೇಶದ 2009ರಿಂದ 2014ರವರೆಗಿನ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ತೆಗೆದಾಗ ಆಪರೇಶನ್ ಆದವರ ಪಾಲು ನೂರಕ್ಕೆ ಮೂರರಷ್ಟು. ಅಪಾಯ ಒಂದೂವರೆ ಪಟ್ಟು ಏರುತ್ತದೆ, ಅದೂ ಮೂಳೆ ಮತ್ತು ಜೀರ್ಣಾಂಗದ ಆಪರೇಶನ್‌ಗಳಲ್ಲಿ ಎಂದು ಕಂಡುಬಂತು. ಲಕ್ಷಕ್ಕೊಂದು ಎನ್ನುವುದು ಒಂದೂವರೆ ಪಟ್ಟಾದರೂ ಅತಿ ಅಪರೂಪವೇ. ಆದ್ದರಿಂದ ಬೇಕಾದ ಆಪರೇಶನ್ನಿಗೆ ಹೆದರಬೇಡಿ. (ಬೇಡದ ಆಪರೇಶನ್ ಮಾತು ಬೇರೆ. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡ ಹೆಂಗಸರ ಪ್ರಮಾಣದಲ್ಲಿ ದೇಶಕ್ಕೇ ಮುಂದಿರುವ ರಾಜ್ಯಗಳಲ್ಲಿ ಆಂಧ್ರಪ್ರದೇಶವೂ ಒಂದು. ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು.)

ಆಪರೇಶನ್ ಕಾವಲುಪಡೆಯನ್ನು ಏಕೆ ಕೆರಳಿಸುತ್ತದೆ? ದೊಡ್ಡ ಗಾಯ ಆದಾಗ ದೇಹದ ರಕ್ಷಣಾವ್ಯವಸ್ಥೆ ಮೊದಲು ಕುಗ್ಗುತ್ತದೆ, ನಂತರ ಪುಟಿದೇಳುತ್ತದೆ. ಈ ಏರಿಳಿತದಲ್ಲಿ ಅದು ದಾರಿ ತಪ್ಪಬಹುದು. ಕುಗ್ಗಿದ ಹೊತ್ತಿನಲ್ಲಿ ಸಣ್ಣ ಸೋಂಕೊಂದು ಒಳಗೆ ನುಸುಳಿರಬಹುದು. ಕತ್ತರಿಸಿದ ಜಾಗದಿಂದ ನರದ ಅಂಶಗಳು ರಕ್ತಕ್ಕೆ ಸೇರಿ, ಕಾವಲುಪಡೆ ಅವನ್ನು ಹೊಸದಾಗಿ ನೋಡಿ ಹಗೆ ಸಾಧಿಸಬಹುದು. ವೈದ್ಯರು ಕೊಡುವ ವಿವರಣೆಗಳು ಇವು. ಮೇಯೊ ಕ್ಲಿನಿಕ್‌ನವರೇ 2010ರಲ್ಲಿ ಇನ್ನೊಂದು ಬಗೆಯನ್ನೂ ವರದಿ ಮಾಡಿದರು. ಆಪರೇಶನ್ ಆದ ಒಂದು ತಿಂಗಳೊಳಗೆ ನರಗಳು ಸೋತ 33 ರೋಗಿಗಳು. ನರ ಒತ್ತಿಕೊಂಡಿತ್ತು, ಎಳೆದಿತ್ತು ಎಂದು ಎಲ್ಲರೂ ಅಂದುಕೊಳ್ಳುವಂಥ ತೊಂದರೆ. ಆದರೆ ನರದ ಚೂರನ್ನು ಪರೀಕ್ಷಿಸಿದಾಗ ಉರಿಯೂತ ಕಂಡಿತು. ಆಪರೇಶನ್ ಮಾಡಿದ ಜಾಗಕ್ಕೂ ಸೋತ ನರಕ್ಕೂ ಸಂಬಂಧವೇ ಇಲ್ಲದ ರೋಗಿಗಳೂ ಅವರಲ್ಲಿದ್ದರು.

ಮನೆಯಲ್ಲಿ ಗುರುತಿಸುವುದು

ಕೋಸಿಗಿ ಕಡೆಯ ಒಂದು ಹಳ್ಳಿ, ತವರಿಗೆ ಬಂದ ಬಾಣಂತಿ ಎಂದು ಭಾವಿಸೋಣ. ಸಿಸೇರಿಯನ್ ಆಗಿ ಎರಡು ವಾರ. ಒಂದು ಬೆಳಿಗ್ಗೆ ಅಂಗಾಲು ಜುಮುಜುಮು ಎನ್ನುತ್ತದೆ. ಮರುದಿನ ಕಾಲಿನಿಂದ ಚಪ್ಪಲಿ ಜಾರುತ್ತದೆ, ಜಾರಿದ್ದು ಗೊತ್ತಾಗುವುದಿಲ್ಲ. ಮೂರನೆಯ ದಿನ ಕುಕ್ಕರುಗಾಲಿನಲ್ಲಿ ಕುಳಿತವಳಿಗೆ ಕೈಯೂರದೆ ಏಳಲಾಗುವುದಿಲ್ಲ. ಮನೆಯ ಹಿರಿಯರು ಏನನ್ನುತ್ತಾರೆ? ರಕ್ತ ಕಡಿಮೆ, ಬಾಣಂತಿ ನಂಜು, ಗಾಳಿ ಸೋಕಿದೆ, ಸೂಜಿಯ ದೋಷ. ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಾರೆ. ಐದನೆಯ ದಿನ ತಲೆ ಬಾಚಿಕೊಳ್ಳಲು ಕೈ ಮೇಲೇಳುವುದಿಲ್ಲ. ಯಾರೋ ತಾಯಿತದ ಮಾತೆತ್ತುತ್ತಾರೆ, ಇನ್ನಾರೋ ಪ್ರಾರ್ಥನಾಕೂಟಕ್ಕೆ ಕರೆದೊಯ್ಯೋಣ ಎನ್ನುತ್ತಾರೆ. ಏಳನೆಯ ದಿನ ನೀರು ಕುಡಿದರೆ ನೆತ್ತಿಗೇರುತ್ತದೆ, ಧ್ವನಿ ಮೂಗಿನಲ್ಲಿ ಬರುತ್ತದೆ. ಅಂದು ರಾತ್ರಿ ಉಸಿರು ಸಾಲದು. ಜಿಬಿಎಸ್ ಬಂದವರಲ್ಲಿ ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ಉಸಿರಾಟದ ಯಂತ್ರ ಬೇಕಾಗುತ್ತದೆ. ಎರಡರಿಂದ ನಾಲ್ಕು ವಾರದೊಳಗೆ ರೋಗ ತನ್ನ ತುದಿ ಮುಟ್ಟುತ್ತದೆ. ಆ ಹೊತ್ತಿಗೆ ರೋಗಿ ಎಲ್ಲಿದ್ದಾರೆ, ಹಳ್ಳಿಯ ಮನೆಯಲ್ಲೋ ಐಸಿಯು ಇರುವ ಆಸ್ಪತ್ರೆಯಲ್ಲೋ ಎನ್ನುವುದರ ಮೇಲೆ ಪ್ರಾಣ ನಿಂತಿರುತ್ತದೆ.

ಆಪರೇಶನ್ ಆದ ಮೇಲಿನ ಸಾಮಾನ್ಯ ನಿಶ್ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತದೆ. ಇದು ಏರುತ್ತದೆ, ಪಾದದಿಂದ ಮಂಡಿಗೆ, ತೊಡೆಗೆ, ಕೈಗೆ. ಲಕ್ವಾ ಹೊಡೆದರೆ ಸಾಮಾನ್ಯವಾಗಿ ಒಂದು ಪಕ್ಕ. ಇದು ಎರಡೂ ಪಕ್ಕ. ಡಾಕ್ಟರು ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮಬೇಕು, ಚಿಮ್ಮುವುದಿಲ್ಲ. ಜ್ವರ ಇರಲೇಬೇಕೆಂದಿಲ್ಲ. ಬೆನ್ನು ಮತ್ತು ತೊಡೆಯಲ್ಲಿ ಜೋರು ನೋವಿರಬಹುದು, ಸೂಜಿಯ ಮೇಲೆ ಅನುಮಾನ ಬರಲು ಇದೂ ಒಂದು ಕಾರಣ. ದಾರಿಯಲ್ಲಿ ಮನೆಯವರು ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ: ದೀರ್ಘವಾಗಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಹೇಳಿ. ಇಪ್ಪತ್ತು ತಲುಪಲಾಗದಿದ್ದರೆ ಉಸಿರಿನ ಸ್ನಾಯುಗಳು ಸೋಲುತ್ತಿವೆ ಎಂದು ಅನುಮಾನಿಸಬೇಕು. ಇಪ್ಪತ್ತು ತಲುಪಿದರು ಎಂದು ಮಾತ್ರ ಮನೆಗೆ ವಾಪಸು ಕರೆದುಕೊಂಡು ಬರಬೇಡಿ.

ಪ್ರಾರ್ಥನೆ ಬೇಡ ಎಂದು ಒಬ್ಬ ಗುರು ಹೇಳುತ್ತಾನೆಯೇ? 108ಕ್ಕೆ ಫೋನ್ ಮಾಡಿ, ಹೊರಡಿ, ಆಮೇಲೆ ನಮಗೆ ತಿಳಿಸಿ. ಅಭ್ಯಂಗದ ತೈಲ ತೆಗೆದುಕೊಂಡು ನಾವೇ ಆಸ್ಪತ್ರೆಗೆ ಬರುತ್ತೇವೆ.

ಗಂಟೆಗಳಲ್ಲಿ ಬರುವುದು, ವಾರಗಳಲ್ಲಿ ಬರುವುದು

ಆಪರೇಶನ್ ನಂತರ ಕಾಲು ಸೋಲುವುದೆಲ್ಲವೂ ಆಟೋಇಮ್ಯೂನ್ ಅಲ್ಲ. ಮರಗಟ್ಟಿದ್ದು ಬಿಡಬೇಕಾದ ಹೊತ್ತಿಗೆ ಬಿಡದೆ ಇದ್ದರೆ, ಅಥವಾ ಬಿಟ್ಟು ಅದೇ ದಿನವೋ ಮರುದಿನವೋ ಮತ್ತೆ ಕಾಲು ಬಿದ್ದರೆ, ಬೆನ್ನಿನೊಳಗೆ ರಕ್ತ ಹೆಪ್ಪುಗಟ್ಟಿ ಹುರಿಯನ್ನು ಒತ್ತುತ್ತಿರಬಹುದು. ಸೂಜಿಯ ಮೇಲೆ ನಿಜವಾಗಿ ಹೊಣೆ ಬರುವ ಅತಿ ವಿರಳ ಸಂದರ್ಭ ಇದು, ರಕ್ತ ತೆಳುಮಾಡುವ ಮಾತ್ರೆ ನುಂಗುವವರಲ್ಲಿ ಹೆಚ್ಚು. ಇಲ್ಲಿ ದಿನಗಳಲ್ಲ, ಗಂಟೆಗಳು ಮುಖ್ಯ. ತಕ್ಷಣ ಇನ್ನೊಂದು ಆಪರೇಶನ್ ಮಾಡಿ ಒತ್ತಡ ತೆಗೆಯಬೇಕು. ವಾಂತಿ-ಭೇದಿಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೂ ಕೈಕಾಲು ಬೀಳುತ್ತದೆ, ಅದು ಒಂದು ರಕ್ತಪರೀಕ್ಷೆಯಲ್ಲಿ ತಿಳಿದುಬಿಡುತ್ತದೆ.

ಇನ್ನೊಂದು, ನಮ್ಮ ಕಡೆ ಮರೆಯಬಾರದ ಕಾರಣ ವಿಟಮಿನ್ ಬಿ12 ಕೊರತೆ. ಹಾಲು-ಮಾಂಸ ಕಾಣದ ಬಡ ಊಟ, ಇಳಿವಯಸ್ಸು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ - ಇವರಲ್ಲಿ ಬಿ12 ಮೊದಲೇ ತಳ ಕಂಡಿರುತ್ತದೆ. ಹೊಟ್ಟೆಯ ಒಳಪದರದ ಮೇಲೆ ದೇಹವೇ ದಾಳಿ ಮಾಡಿ ಬಿ12 ಹೀರಿಕೊಳ್ಳದಂತೆ ಮಾಡುವ ಆಟೋಇಮ್ಯೂನ್ ರೋಗವೂ ಒಂದಿದೆ. ಅಂಥವರಿಗೆ ಅರಿವಳಿಕೆಗಾಗಿ ನೈಟ್ರಸ್ ಆಕ್ಸೈಡ್ ಅನಿಲ ಕೊಟ್ಟಾಗ, ಉಳಿದ ಚೂರುಪಾರು ಬಿ12 ಕೂಡ ಕೆಲಸಕ್ಕೆ ಬಾರದಾಗಿ, ಕೆಲವು ವಾರಗಳಲ್ಲಿ ಬೆನ್ನುಹುರಿ ಸೊರಗುತ್ತದೆ. ಪಾದ ನೆಲದ ಮೇಲಿದೆಯೋ ಹತ್ತಿಯ ಮೇಲಿದೆಯೋ ತಿಳಿಯುವುದಿಲ್ಲ, ಕತ್ತಲಲ್ಲಿ ನಡೆದರೆ ತೂರಾಡುತ್ತಾರೆ. ಮದ್ದು ಬಿ12 ಇಂಜೆಕ್ಷನ್, ತೀರಾ ಕಡಿಮೆ ಬೆಲೆಯದು. ಬೇಗ ಕೊಟ್ಟರೆ ಬಹಳಷ್ಟು ಮರಳಿ ಬರುತ್ತದೆ.

ಬೆನ್ನುಹುರಿಯ ಉರಿಯೂತಕ್ಕೆ, ಅಂದರೆ ಟ್ರಾನ್ಸ್‌ವರ್ಸ್ ಮೈಲೈಟಿಸ್‌ಗೆ, ಬೇರೆ ಗುರುತುಗಳಿವೆ. ಎದೆಗೋ ಹೊಟ್ಟೆಗೋ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ ಅನಿಸುತ್ತದೆ, ಅಲ್ಲಿಂದ ಕೆಳಗೆ ಚಿವುಟಿದರೆ ತಿಳಿಯುವುದಿಲ್ಲ, ಮೂತ್ರ ಕಟ್ಟಿಕೊಳ್ಳುತ್ತದೆ. ಎಂಆರ್‌ಐ ತೆಗೆಸಬೇಕು. ಇದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಮೂರರಿಂದ ಐದು ದಿನ ಕೊಡುತ್ತಾರೆ. ಜಿಬಿಎಸ್‌ಗೆ ಸ್ಟೀರಾಯ್ಡ್‌ನಿಂದ ಪ್ರಯೋಜನವಿಲ್ಲ. ಆದ್ದರಿಂದ ಯಾವುದು ಎಂದು ನರರೋಗ ತಜ್ಞರು ನಿರ್ಧರಿಸುವ ಮುನ್ನ ಊರಿನ ಆರ್‌ಎಂಪಿ ಕೈಲಿ ಸ್ಟೀರಾಯ್ಡ್ ಹಾಕಿಸಿಕೊಂಡು ಕಾಯುವುದು ಸರಿಯಲ್ಲ. ಈ ಗುಂಪಿನಲ್ಲೇ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ರೋಗ ಇದೆ. ಹೆಂಗಸರಲ್ಲೇ ಹೆಚ್ಚು. ಹುರಿಯ ಉದ್ದಕ್ಕೂ ಉರಿಯೂತ, ಕಣ್ಣು ಮಂಜು, ಕೆಲವರಿಗೆ ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ. ಇದು ಮರುಕಳಿಸುವ ರೋಗವಾದ್ದರಿಂದ ಮುಂದೆಯೂ ಔಷಧಿ ಬೇಕು. ಇದನ್ನು ಗುರುತಿಸುವ ರಕ್ತಪರೀಕ್ಷೆ 2004ರ ಸಂಶೋಧನೆಯ ಫಲ. ಈ ರೋಗಗಳ ಬಗ್ಗೆ ನಮ್ಮ ದೇಶದಲ್ಲಿ ಗಣ್ಯ ಕೆಲಸ ಮಾಡಿದವರಲ್ಲಿ ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಡಾ. ಲೇಖಾ ಪಂಡಿತ್ ಒಬ್ಬರು.

ಎಲ್ಲಿಗೆ ಹೋಗಬೇಕು?

1953ರವರೆಗೆ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಗಡಿ ಬದಲಾದರೂ ಕಾಯಿಲೆ ಬಿದ್ದವರ ಕಾಲು ಇಂದಿಗೂ ಬಳ್ಳಾರಿಯ ಕಡೆಗೇ ಎಳೆಯುತ್ತದೆ. ಕರ್ನೂಲಿಗಿಂತ ಅದು ಹತ್ತಿರ. ತಪ್ಪೇನಿಲ್ಲ. ಉಸಿರು ಕಷ್ಟವಾಗಿದ್ದರೆ ಐಸಿಯು ಎಲ್ಲಿ ಹತ್ತಿರವೋ ಅಲ್ಲಿಗೇ ಹೋಗಬೇಕು. ಆದರೆ ಒಂದು ವಿಷಯ ತಿಳಿದಿರಲಿ. ಆರೋಗ್ಯಶ್ರೀ ಎಂದು ನಾವು ಕರೆಯುತ್ತಿದ್ದ, ಈಗ ಎನ್‌ಟಿಆರ್ ವೈದ್ಯಸೇವಾ ಎಂಬ ಹೆಸರಿನ ಯೋಜನೆ ಆಂಧ್ರ ಸರ್ಕಾರದ್ದು. ಕರ್ನಾಟಕದ ಯಾವುದೇ ಆಸ್ಪತ್ರೆಯಲ್ಲಿ ಕಾರ್ಡು ತೋರಿಸಿದ ಕೂಡಲೇ ಅದು ನಡೆಯುತ್ತದೆ ಎಂದುಕೊಳ್ಳಬೇಡಿ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ ಹೊರಡುವ ಮುನ್ನ ವೈದ್ಯಮಿತ್ರರನ್ನು ವಿಚಾರಿಸಿ. ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಸುಗ್ಗಿಗೆ ಹೋಗುವ ಕುಟುಂಬಗಳು ರೇಷನ್ ಕಾರ್ಡು, ಆಧಾರ್ ಜೊತೆಗೇ ಇಟ್ಟುಕೊಂಡಿರಬೇಕು. ಆಪರೇಶನ್ ಆದವರನ್ನು ತಿಂಗಳೊಳಗೆ ಮತ್ತೆ ಲಾರಿ ಹತ್ತಿಸಿ ಕರೆದೊಯ್ಯುವ ಬಡತನದ ಬಗ್ಗೆ ನಾನು ಇಲ್ಲಿ ಏನು ಬರೆದರೂ ಕಡಿಮೆಯೇ. ದೂರದ ಹೊಲದ ಗುಡಿಸಿಲಿನಲ್ಲಿ ಕಾಲು ಸೋತರೆ, ಊರಿಗೆ ವಾಪಸು ಬರೋಣ ಎಂದು ದಿನ ಕಳೆಯದೆ ಅಲ್ಲಿನ ಸರ್ಕಾರಿ ದೊಡ್ಡಾಸ್ಪತ್ರೆಗೇ ಸೇರಿಸಿ.

ಚಿಕಿತ್ಸೆ ಎರಡು ಬಗೆ. ರಕ್ತದ ನೀರಿನ ಭಾಗವನ್ನು ಯಂತ್ರದಿಂದ ತೆಗೆದು ಬೇರೆ ದ್ರವ ತುಂಬುವುದು ಒಂದು. ಇದು ಪ್ಲಾಸ್ಮಾ ಎಕ್ಸ್‌ಚೇಂಜ್, ಸಾಮಾನ್ಯವಾಗಿ ಎರಡು ವಾರದಲ್ಲಿ ಐದು ಸಲ. ಐವಿಐಜಿ ಎಂಬ ಇಂಜೆಕ್ಷನ್ ಇನ್ನೊಂದು, ಸಾಮಾನ್ಯವಾಗಿ ಐದು ದಿನ. ಅರವತ್ತು ಕಿಲೋ ತೂಕದವರಿಗೆ ಒಟ್ಟು 120 ಗ್ರಾಂ, ಐದು ಗ್ರಾಂನ ಬಾಟಲಿಯಾದರೆ 24 ಬಾಟಲಿ. ಹೊರಗೆ ಕೊಂಡರೆ ಲಕ್ಷಗಳ ಲೆಕ್ಕ. 2025ರ ಫೆಬ್ರವರಿಯಲ್ಲಿ ಗುಂಟೂರಿನಲ್ಲಿ ಜಿಬಿಎಸ್‌ನಿಂದ ಸಾವಾದಾಗ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಇಂಜೆಕ್ಷನ್ ಲಭ್ಯವಿದೆ ಎಂದು ರಾಜ್ಯದ ಆರೋಗ್ಯ ಸಚಿವರು ತಿಳಿಸಿದ್ದರು. ಆದ್ದರಿಂದ ಹೊಲ ಮಾರುವ ಮೊದಲು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಎರಡೂ ಚಿಕಿತ್ಸೆಗಳ ಫಲ ಒಂದೇ ಮಟ್ಟದ್ದು. ಕಾಲು ಸೋತ ಎರಡು ವಾರದೊಳಗೆ ಶುರುವಾದರೆ ಒಳ್ಳೆಯದು. ಒಂದು ಮಾತು ಹೇಳಲೇಬೇಕು: ಈ ಇಂಜೆಕ್ಷನ್ನು ಸಾವಿರಾರು ಜನ ರಕ್ತದಾನಿಗಳ ಪ್ಲಾಸ್ಮಾದಿಂದ ತಯಾರಾಗುತ್ತದೆ. ಹೆಸರು ತಿಳಿಯದ ಸಾವಿರಾರು ಜನರ ತೋಳಿನಿಂದ ಹೊರಟದ್ದು ಒಬ್ಬ ರೋಗಿಯ ತೋಳಿಗೆ ಸೇರುತ್ತದೆ.

ಪರೀಕ್ಷೆಗಾಗಿ ಬೆನ್ನಿನ ನೀರು ತೆಗೆಯಬೇಕು ಎಂದಾಗ ಎಷ್ಟೋ ಮನೆಯವರು ಒಪ್ಪುವುದಿಲ್ಲ. "ಒಂದು ಸೂಜಿಯಿಂದ ಆದದ್ದು ಸಾಲದೇ?" ಎನ್ನುತ್ತಾರೆ. ಮೇಲೆ ಹೇಳಿದ್ದನ್ನು ದಯವಿಟ್ಟು ನೆನೆಯಿರಿ. ಹಾಗೆಯೇ, ಆಪರೇಶನ್ ಮಾಡಿದ ಡಾಕ್ಟರ ಮೇಲೆ ಜಗಳಕ್ಕೆ ಹೋಗಿ ಒಂದು ದಿನ ಕಳೆಯುವುದಕ್ಕಿಂತ, ಅದೇ ಡಾಕ್ಟರಿಂದ ಯಾವ ಆಪರೇಶನ್, ಯಾವ ಅರಿವಳಿಕೆ, ಯಾವ ಔಷಧಿ ಎಂಬ ಕಾಗದಗಳನ್ನು ಕೇಳಿ ಪಡೆದು ಹೊರಡುವುದು ಲಾಭ. ನಿಜವಾಗಿ ತಪ್ಪು ನಡೆದಿದ್ದರೆ ವಿಚಾರಿಸಲು ಆಮೇಲೂ ಸಮಯ ಇದೆ, ಆಗಲೂ ಆ ಕಾಗದಗಳೇ ಬೇಕು.

ಹಾಸಿಗೆಯ ಪಕ್ಕದಲ್ಲಿ

ಜಿಬಿಎಸ್ ರೋಗಿಯ ಮಿದುಳಿಗೆ ಏನೂ ಆಗಿರುವುದಿಲ್ಲ. ಯಂತ್ರದ ಮೇಲಿದ್ದು, ರೆಪ್ಪೆಯನ್ನೂ ಎತ್ತಲಾಗದೆ ಮಲಗಿದ್ದರೂ ಎಚ್ಚರವಿದ್ದಾಗ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ನೋಡಲು ಬಂದವರು "ಅಯ್ಯೋ, ಇನ್ನೆಲ್ಲಿಯ ಬದುಕು, ಕೂಸಿನ ಗತಿ ಏನು" ಎಂದು ತಲೆಯ ಹತ್ತಿರವೇ ನಿಂತು ಅಳುತ್ತಾರೆ. ಒಬ್ಬ ಮನುಷ್ಯನನ್ನು ಬದುಕಿದ್ದಾಗಲೇ ಶವದಂತೆ ಕಾಣುವುದಕ್ಕಿಂತ ಕ್ರೂರವಾದದ್ದು ಬೇರೆ ಇಲ್ಲ. ಅವರ ಹೆಸರು ಹಿಡಿದು ಮಾತಾಡಿಸಿ. ಇವತ್ತು ಯಾವ ವಾರ, ಹೊರಗೆ ಮಳೆ ಬಂತೋ ಇಲ್ಲವೋ, ಮಗು ಎಷ್ಟು ಹಾಲು ಕುಡಿಯಿತು ಎಂದು ಹೇಳಿ. ರೆಪ್ಪೆ ಆಡುವಂತಿದ್ದರೆ ಹೌದಿಗೆ ಒಂದು ಸಲ, ಇಲ್ಲಕ್ಕೆ ಎರಡು ಸಲ ಮಿಟುಕಿಸಲು ಗೊತ್ತುಮಾಡಿ. ನುಂಗಲು ಆಗದವರ ಬಾಯಿಗೆ ಎಳನೀರಾಗಲಿ ಗಂಜಿಯಾಗಲಿ ಪ್ರೀತಿಯಿಂದ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪರಮ ಪ್ರಸಾದ ಕೊಡುವ ಮುನ್ನ ಗುರುಗಳೂ ನರ್ಸ್ ಅವರನ್ನು ಕೇಳಬೇಕು. ನುಂಗಲಾಗದಿದ್ದರೆ ಅಭ್ಯಂಗ ಮತ್ತು ಆಶೀರ್ವಾದ ಸಾಕು.

ಆರು ತಿಂಗಳ ಹೊತ್ತಿಗೆ ಹತ್ತರಲ್ಲಿ ಎಂಟು ಮಂದಿ ತಾವಾಗಿ ನಡೆಯುತ್ತಾರೆ. ಒಳ್ಳೆಯ ಚಿಕಿತ್ಸೆ ಇದ್ದರೂ ನೂರರಲ್ಲಿ ಕೆಲವರು ತೀರಿಕೊಳ್ಳುತ್ತಾರೆ, ಅದನ್ನು ಮುಚ್ಚಿಡಲಾರೆ. ಉಳಿದವರದು ನಿಧಾನದ ದಾರಿ. ಒಳಗಿನ ತಂತಿಯೇ ಹಾಳಾಗಿದ್ದರೆ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಸೊಂಟದಿಂದ ಪಾದದವರೆಗಿನ ದೂರವನ್ನು ನೀವೇ ಅಳೆದು ನೋಡಿ, ವರ್ಷ ಏಕೆ ಬೇಕೆಂದು ತಿಳಿಯುತ್ತದೆ. ಈ ಕಾಲದಲ್ಲಿ ಕೆಲಸಕ್ಕೆ ಬರುವುದು ಫಿಸಿಯೋಥೆರಪಿ. ಎಳೆದು ತಿರುಚುವ ನಾಟಿ ತಿಕ್ಕುವಿಕೆ ಅಲ್ಲ. ಪಾದ ಜೋತುಬೀಳದಂತೆ ಪಟ್ಟಿ, ಒಂದೇ ಮಗ್ಗುಲಲ್ಲಿ ಮಲಗಿ ಹುಣ್ಣಾಗದಂತೆ ಹೊತ್ತುಹೊತ್ತಿಗೆ ಹೊರಳಿಸುವುದು, ದಣಿವಾಗುವ ಮುನ್ನ ನಿಲ್ಲಿಸುವ ಚಿಕ್ಕ ಚಿಕ್ಕ ವ್ಯಾಯಾಮ. ನಡೆದಾಡುವಂತಾದ ಮೇಲೂ ವರ್ಷಗಟ್ಟಲೆ ಸುಸ್ತು ಕಾಡುತ್ತದೆ. "ಈಗ ಚೆನ್ನಾಗಿದ್ದಾಳಲ್ಲ, ಕೆಲಸಕ್ಕೆ ಮೈಗಳ್ಳತನ" ಎಂದು ಅತ್ತೆಯಾದವರು ಅನ್ನಬಾರದು. ಅದು ರೋಗದ್ದೇ ಉಳಿಕೆ.

ಮುಂದೆ ಎಂದಾದರೂ ಮತ್ತೆ ಆಪರೇಶನ್ ಬೇಕಾದರೆ ಮಾಡಿಸಿಕೊಳ್ಳಬಹುದೇ? ಬೇಕಾದರೆ ಮಾಡಿಸಿಕೊಳ್ಳಲೇಬೇಕು. ಜಿಬಿಎಸ್ ಎರಡನೆಯ ಸಲ ಬರುವುದು ನೂರಕ್ಕೆ ಎರಡರಿಂದ ಐದು ಮಂದಿಗೆ. ಆದರೆ ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಮದ್ದು ಇಂಥವರಲ್ಲಿ ರಕ್ತದ ಪೊಟ್ಯಾಸಿಯಂ ಏಕಾಏಕಿ ಏರಿಸಿ ಹೃದಯ ನಿಲ್ಲಿಸಬಹುದು. ಬೇರೆ ಮದ್ದು ಇದೆ, ಅದನ್ನು ಆರಿಸುತ್ತಾರೆ. ನಿಮಗೆ ರೋಗದ ಹೆಸರು ಬಾಯಲ್ಲಿ ಹೊರಳದಿದ್ದರೂ ಪರವಾಗಿಲ್ಲ. ಆಸ್ಪತ್ರೆಯವರು ಕೊಟ್ಟ ಡಿಸ್ಚಾರ್ಜ್ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಅದನ್ನೇ ತೋರಿಸಿ.